ನಾರ್ನಿಯಾ ಅನ್ನೋ ಮಾಯಾಲೋಕದ ಮಕ್ಕಳ ಕಾದಂಬರಿ ಸರಣಿಯಲ್ಲಿ ‘ದಿ ಮೆಜಿಷಿಯನ್ಸ್ ನೆಫ್ಯೂ’ ಮೊದಲು ಓದಬೇಕಾ? ದೊಡ್ಡವರಾದ ಮೇಲೆ ಮತ್ತೆ ಓದಿದರೆ ಹಿಡಿಸುತ್ತಾ?

ಮೊದಲು ಬೇಡ. ಕಥೆಯ ಕಾಲದಲ್ಲಿ ಇದು ಮೊದಲನೆಯದು, ನಿಜ. ಆದರೆ ಸಿ. ಎಸ್. ಲೂಯಿಸ್ ಅವರ ಈ ಪುಸ್ತಕ ಬಂದಿದ್ದು 1955ರಲ್ಲಿ, ಆರನೆಯದಾಗಿ. ಕಾಡಿನ ನಡುವೆ ಒಂಟಿ ಬೀದಿದೀಪ ಯಾಕಿದೆ ಅನ್ನೋ ಕುತೂಹಲ 1950ರಲ್ಲಿ ಮೊದಲು ಬಂದ ‘ದಿ ಲಯನ್, ದಿ ವಿಚ್ ಅಂಡ್ ದಿ ವಾರ್ಡ್‌ರೋಬ್’ ಪುಸ್ತಕದಲ್ಲೇ ಹುಟ್ಟಬೇಕು. ಇಲ್ಲಿ ಅದಕ್ಕೆ ಉತ್ತರ ಸಿಗುತ್ತದೆ: ಲಂಡನ್ನಿನ ದೀಪದ ಕಂಬದಿಂದ ಮುರಿದ ಕಬ್ಬಿಣದ ತುಂಡು, ಆಗಷ್ಟೇ ಹುಟ್ಟುತ್ತಿದ್ದ ನಾರ್ನಿಯಾದ ನೆಲಕ್ಕೆ ಬಿದ್ದು ಗಿಡದಂತೆ ಬೆಳೆಯುತ್ತದೆ!

ಮತ್ತೆ ಓದಲು ಮಾತ್ರ ಇದೇ ನನಗೆ ಜಾಸ್ತಿ ಇಷ್ಟ. ಚಿಕ್ಕವರಿದ್ದಾಗ ಬೇರೆ ಲೋಕಕ್ಕೆ ಒಯ್ಯುವ ಹಳದಿ-ಹಸಿರು ಉಂಗುರ, ಮಾಟಗಾತಿ ಜೇಡಿಸ್ ಸೆಳೆಯುತ್ತಾರೆ. ದೊಡ್ಡವರಾದ ಮೇಲೆ ಕಾಡುವುದು ಕಥಾನಾಯಕ ಹುಡುಗ ಡಿಗರಿಯ ಅಮ್ಮನ ಕಾಯಿಲೆ. ಅಮ್ಮನನ್ನು ಉಳಿಸಬಲ್ಲ ಸೇಬು ಕೈಯಲ್ಲೇ ಇದ್ದರೂ ಹುಡುಗ ಅದನ್ನು ಕದಿಯುವುದಿಲ್ಲ. ಲೂಯಿಸ್ ಅವರಿಗೆ ಒಂಬತ್ತು ವರ್ಷವಿದ್ದಾಗ, 1908ರಲ್ಲಿ, ತಾಯಿ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು. ಇದು ಗೊತ್ತಿದ್ದು ಓದಿದರೆ ಆ ಪುಟಗಳು ಸುಮ್ನೆ ದಾಟಿಹೋಗುವುದಿಲ್ಲ.

ಡಿಗರಿಯ ಮಾವ, ಮಾಟಗಾರ ಆಂಡ್ರ್ಯೂನ ಪಾತ್ರವೂ ಈಗ ಹೆಚ್ಚು ನಗಿಸುತ್ತದೆ. ಆಸ್ಲಾನ್ ಸಿಂಹ ಹಾಡಿ ಜಗತ್ತನ್ನೇ ಸೃಷ್ಟಿಸುತ್ತಿದ್ದರೆ, ಸಿಂಹ ಹಾಡೋದುಂಟಾ ಅಂತ ಈತ ಹಟ ಹಿಡಿಯುತ್ತಾನೆ. ಕೊನೆಗೆ ಅವನ ಕಿವಿಗೆ ಬರೀ ಗರ್ಜನೆಯೇ ಕೇಳಿಸುತ್ತದೆ. ಇಂಥವರು ನಮ್ಮ ನಡುವೆಯೂ ಇದ್ದಾರೆ, ಅಲ್ವಾ?