ಬಡ್ಡಿ ಅನ್ನೋ ಪದ ಎಲ್ಲಿಂದ ಬಂತು?

ಪ್ರಶ್ನೆ: ‘ಬಡವರನ್ನ ಬಡಿಯೋದಕ್ಕೇ ಅದಕ್ಕೆ ಬಡ್ಡಿ ಅಂತ ಹೆಸರು’ ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಇದು ನಿಜವೇ?
– ಓದುಗರೊಬ್ಬರು, ತಿಪಟೂರು

ಉತ್ತರ: ಅಜ್ಜಿ ಯಾಕೆ ಹಾಗೆ ಹೇಳುತ್ತಿದ್ದರು ಅಂತ ನನಗೆ ಚೆನ್ನಾಗಿ ಗೊತ್ತು. ಆದರೆ ಪದ ಬಂದದ್ದು ಸಂಸ್ಕೃತದ ‘ವೃದ್ಧಿ’ಯಿಂದ. ಬೆಳೆಯುವುದು, ಹೆಚ್ಚುವುದು ಎಂದರ್ಥ. ಪ್ರಾಕೃತದಲ್ಲಿ ಅದು ‘ವಡ್ಢಿ’ ಆಯಿತು. ನಮ್ಮ ಬಾಯಲ್ಲಿ ವ ಹೋಗಿ ಬ ಬಂತು. ವೀರ ಬೀರನಾದದ್ದು, ವಸತಿ ಬಸದಿಯಾದದ್ದು ಹೀಗೆಯೇ. ತೆಲುಗಿನವರು ಈಗಲೂ ವಡ್ಡಿ ಅನ್ನುತ್ತಾರೆ, ತಮಿಳರು ವಟ್ಟಿ. ತಿರುಪತಿ ತಿಮ್ಮಪ್ಪನನ್ನು ತೆಲುಗಿನಲ್ಲಿ ‘ವಡ್ಡಿಕಾಸುಲವಾಡು’ ಅನ್ನುತ್ತಾರಲ್ಲ, ಅಲ್ಲಿರುವುದೂ ಇದೇ ವಡ್ಡಿ.

ಸಾಲದ ಅರ್ಥವೂ ಹಳೆಯದೇ. ಪಾಣಿನಿಯ ಒಂದು ಸೂತ್ರದಲ್ಲಿ ‘ವೃದ್ಧಿ’ ಎಂದರೆ ಬಡ್ಡಿಯೇ. ಕೌಟಿಲ್ಯನ ಅರ್ಥಶಾಸ್ತ್ರ ದರವನ್ನೂ ಹೇಳುತ್ತದೆ: ನೂರು ಪಣಕ್ಕೆ ತಿಂಗಳಿಗೆ ಒಂದೂಕಾಲು ಪಣ ನ್ಯಾಯ. ವ್ಯಾಪಾರಿಗಳಿಗೆ 5, ಕಾಡು ದಾಟಿ ಹೋಗುವವರಿಗೆ 10, ಕಡಲಿಗೆ ಇಳಿಯುವವರಿಗೆ 20. ಹೋದವನು ವಾಪಸ್ ಬರುವುದು ಅನುಮಾನವಾದಷ್ಟೂ ಬಡ್ಡಿ ಜಾಸ್ತಿ.

‘ನೂರಕ್ಕೆ, ತಿಂಗಳಿಗೆ’ ಅನ್ನುವ ಆ ಲೆಕ್ಕ ನೋಡಿ. ನಮ್ಮೂರುಗಳ ಕೈಸಾಲದಲ್ಲಿ ಇವತ್ತಿಗೂ ಅದೇ ನಡೆಯುತ್ತದೆ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಬಾವಿ ಕೆಲಸಕ್ಕೆಂದು ಅಮ್ಮ ಬಳೆ ಅಡವಿಟ್ಟು 2000 ರೂಪಾಯಿ ತಂದರು. ‘ಮೂರು ರೂಪಾಯಿ ಬಡ್ಡಿ’ ಅಂದರು. ಮೂರೇ ಅಲ್ವಾ ಅಂದುಕೊಂಡೆ. ಅದು ನೂರಕ್ಕೆ, ಅದೂ ತಿಂಗಳಿಗೆ. ಅಂದರೆ ತಿಂಗಳಿಗೆ 60, ವರ್ಷಕ್ಕೆ 720. ಹಾಲು ಮಾರಿದ ದುಡ್ಡಲ್ಲಿ ಅಮ್ಮ ಮೂರು ವರ್ಷ ಒಂದು ತಿಂಗಳೂ ತಪ್ಪದೆ ಕಟ್ಟಿದರು. ಒಟ್ಟು 2160 ಆಯಿತು. ಅಸಲು ಮಾತ್ರ 2000 ಹಾಗೇ ನಿಂತಿತ್ತು. ‘ಅಸಲು’ ಅರಬ್ಬಿ ಪದ, ಬೇರು ಅಂತ ಅರ್ಥ. ಆ ಬೇರು ಅಲ್ಲಾಡಲೇ ಇಲ್ಲ. ಬಳೆ ಮನೆಗೆ ಬರಲಿಲ್ಲ.

ಅದಕ್ಕೇ ಈ ಪದ ಕೇಳಿದವರಿಗೆಲ್ಲ ನಾನು ಲೆಕ್ಕವನ್ನೂ ಹೇಳುತ್ತೇನೆ. ಬ್ಯಾಂಕಿನವರು ಹೇಳುವುದು ಸಾಮಾನ್ಯವಾಗಿ ವರ್ಷದ ಬಡ್ಡಿ. ಕೈಸಾಲದವರು ಹೇಳುವುದು ತಿಂಗಳದ್ದು. ‘ಎರಡೇ ಪರ್ಸೆಂಟ್’ ಅಂದರೆ 12ರಿಂದ ಗುಣಿಸಿ, 24 ಆಗುತ್ತದೆ. ಆಮೇಲೆ ಬ್ಯಾಂಕಿನ ದರದ ಪಕ್ಕ ಇಟ್ಟು ನೋಡಿ.