ಪ್ರೋಲಿನ್ ಜಾಸ್ತಿ ಇರುವ ಭತ್ತ ಉಪ್ಪು ತಡೆಯುತ್ತದೆಯೇ?

ಉಪ್ಪುನೀರು ಹಾಕಿದ ಭತ್ತದ ಎಲೆಯಲ್ಲಿ ಪ್ರೋಲಿನ್ ಎಂಬ ಅಮೈನೋ ಆಮ್ಲ ಏರಿದರೆ ಆ ತಳಿ ಗಟ್ಟಿ ಎನ್ನಬಹುದೇ ಎಂದು ಕೇಳಿದ್ದೀರಿ. ಅದೊಂದನ್ನೇ ನೋಡಿ ಹೇಳಬೇಡಿ. ಎಂಎಸ್ಸಿಯಲ್ಲಿ ನಾನೂ ಹಾಗೇ ನಂಬಿದ್ದೆ. ಪ್ರೋಲಿನ್ ಇದ್ದಷ್ಟೂ ಕೆಂಪಾಗುವ ನಿನ್‌ಹೈಡ್ರಿನ್ ರಾಸಾಯನಿಕ ಹಾಕಿ ಕುದಿಸಿದಾಗ, ಉಪ್ಪು ತಡೆಯುವ ಪೊಕ್ಕಾಲಿ ತಳಿಗಿಂತ, ಉಪ್ಪಿಗೆ ಬಾಡಿ ಬಿದ್ದಿದ್ದ ಐಆರ್-29 ತಳಿಯ ಟ್ಯೂಬೇ ಹೆಚ್ಚು ಕೆಂಪಾಯಿತು! ಬೇರೆಯವರಿಗೆ ಇದರ ಉಲ್ಟಾ ಬಂದದ್ದೂ ಇದೆ. ಅದಕ್ಕೇ ನನಗೆ ಪ್ರೋಲಿನ್ ಜ್ವರದ ಹಾಗೆ ಕಾಣುತ್ತದೆ. ಗಿಡಕ್ಕೆ ಕಷ್ಟ ಬಂದಿದೆ ಎಂದಷ್ಟೇ ಹೇಳುತ್ತದೆ.

ಒಳಗೆ ಆಗುವುದು ಎರಡು ಹಂತದಲ್ಲಿ. ಮೊದಲು ಬೇರಿಗೆ ನೀರು ಎಳೆಯುವುದೇ ಕಷ್ಟವಾಗುತ್ತದೆ. ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನ್ ಏರಿ ಎಲೆಯ ರಂಧ್ರಗಳು ಮುಚ್ಚುತ್ತವೆ. ಗಿಡ ಗ್ಲುಟಮೇಟ್ ಎಂಬ ಇನ್ನೊಂದು ಅಮೈನೋ ಆಮ್ಲದಿಂದ ಪ್ರೋಲಿನ್ ಮಾಡಿಕೊಂಡು ಕೋಶದಲ್ಲಿ ನೀರು ಹಿಡಿದಿಡಲು ನೋಡುತ್ತದೆ. ಕೆಲವು ದಿನ ಕಳೆದ ಮೇಲೆ ನಿಜವಾದ ತೊಂದರೆ ಶುರು. ಎಲೆಯಲ್ಲಿ ಸೋಡಿಯಂ ತುಂಬಿ, ಕಿಣ್ವಗಳಲ್ಲಿ ಪೊಟ್ಯಾಸಿಯಂನ ಜಾಗದಲ್ಲಿ ಕೂರುತ್ತದೆ. ಆಹಾರ ತಯಾರಿ ಕುಂಟುತ್ತದೆ, ಬಿಸಿಲು ಮಾತ್ರ ಬೀಳುತ್ತಲೇ ಇರುತ್ತದೆ ಅಲ್ವಾ? ಆ ಶಕ್ತಿ ಆಮ್ಲಜನಕಕ್ಕೆ ಹೋಗಿ ಕೋಶಕ್ಕೆ ಹಾನಿ ಮಾಡುವ ಸೂಪರಾಕ್ಸೈಡ್ ಹುಟ್ಟುತ್ತದೆ. ಎಸ್‌ಒಡಿ (ಸೂಪರಾಕ್ಸೈಡ್ ಡಿಸ್ಮ್ಯುಟೇಸ್) ಕಿಣ್ವ ಅದನ್ನು ಹೈಡ್ರೋಜನ್ ಪೆರಾಕ್ಸೈಡ್ ಮಾಡುತ್ತದೆ, ಕೆಟಲೇಸ್ ಮತ್ತು ಆಸ್ಕಾರ್ಬೇಟ್ ಪೆರಾಕ್ಸಿಡೇಸ್ ಕಿಣ್ವಗಳು ಅದನ್ನು ಒಡೆದು ನೀರು ಮಾಡುತ್ತವೆ. ಇವು ಸೋತರೆ ಕೋಶದ ಪೊರೆಯೇ ಸುಟ್ಟಂತೆ ಆಗುತ್ತದೆ.

ಗಟ್ಟಿ ತಳಿಗಳ ಗುಟ್ಟು ಇದಕ್ಕೂ ಮೊದಲೇ ಇದೆ. ಬಂಗಾಳದ ನೋನಾ ಬೊಕ್ರಾ ತಳಿಯಿಂದ 2005ರಲ್ಲಿ ಒಂದು ಜೀನ್ ಗುರುತಿಸಿದರು, ಈಗ ಅದನ್ನು ಎಚ್‌ಕೆಟಿ1;5 ಎನ್ನುತ್ತಾರೆ. ಬೇರಿನಿಂದ ಮೇಲೇರುವ ರಸದಿಂದ ಅದು ಸೋಡಿಯಂ ಅನ್ನು ವಾಪಸ್ ಎಳೆದುಕೊಳ್ಳುತ್ತದೆ. ಅಷ್ಟಾದರೂ ಎಲೆ ತಲುಪಿದ್ದನ್ನು ಎನ್‌ಎಚ್‌ಎಕ್ಸ್ ಪ್ರೋಟೀನ್‌ಗಳು ವ್ಯಾಕ್ಯೂಲ್ ಎಂಬ ಚೀಲದೊಳಗೆ ಕೂಡಿಹಾಕುತ್ತವೆ.

ಇನ್ನೊಂದು ಮಾತು, ಉಪ್ಪು ಕೊಟ್ಟದ್ದು ಯಾವ ವಯಸ್ಸಿಗೆ? ಮೊಳಕೆಯಲ್ಲಿ ಭತ್ತ ಅಷ್ಟೇನೂ ಸೋಲುವುದಿಲ್ಲ. ಎಳೆ ಸಸಿ ಮತ್ತು ಹೂ ಬಿಡುವ ಹೊತ್ತು ಬಲು ಸೂಕ್ಷ್ಮ. ಕುಮಟಾದ ಅಘನಾಶಿನಿ ಬದಿಯ ಗಜನಿ ಎಂಬ ಉಪ್ಪುನೀರಿನ ಗದ್ದೆಗಳಲ್ಲಿ ಕಗ್ಗ ತಳಿಯಂಥ ಗಟ್ಟಿ ಭತ್ತವನ್ನೂ ಮಳೆ ಉಪ್ಪು ತೊಳೆದ ಮೇಲೆಯೇ ಬಿತ್ತುತ್ತಾರೆ.

ಹಾಗಾಗಿ ಪ್ರೋಲಿನ್ ಜೊತೆ ಫ್ಲೇಮ್ ಫೋಟೋಮೀಟರ್‌ನಲ್ಲಿ (ಜ್ವಾಲೆಯ ಬಣ್ಣದಿಂದ ಲೋಹ ಅಳೆಯುವ ಉಪಕರಣ) ಸೋಡಿಯಂ, ಪೊಟ್ಯಾಸಿಯಂ ಎರಡನ್ನೂ ಅಳೆಯಿರಿ. ಹಳೆ ಎಲೆ, ಎಳೆ ಎಲೆ ಬೇರೆ ಬೇರೆ ಇಡಿ. ಭತ್ತ ಸೋಡಿಯಂ ಅನ್ನು ಮೊದಲು ಹಳೆ ಎಲೆಗೆ ತುಂಬುತ್ತದೆ. ಎಲ್ಲವನ್ನೂ ಒಟ್ಟಿಗೆ ಅರೆದುಬಿಟ್ಟರೆ ಆ ವ್ಯತ್ಯಾಸವೇ ಸಿಗುವುದಿಲ್ಲ.