ಹಳೆಯ ಪೆಂಟಾಕ್ಸ್ ಕೆ1000 ಕ್ಯಾಮೆರಾಕ್ಕೆ ಯಾವ ಲೆನ್ಸ್ ಹೊಂದುತ್ತದೆ?

ಕಾರವಾರದ ಮನೆಯಲ್ಲಿ ಸಿಕ್ಕ ಪೆಂಟಾಕ್ಸ್ ಕೆ1000ಕ್ಕೆ ಯಾವ ಲೆನ್ಸ್ ಕೊಳ್ಳಬಹುದೆಂದು ಕೇಳಿದ್ದೀರಿ. 1976ರಲ್ಲಿ ಬಂದ ಈ ಕ್ಯಾಮೆರಾಕ್ಕೆ, ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಬದಲಿಸುವ ರಿಂಗ್ ಇರುವ ಕೆ ಮೌಂಟ್ (ಪೆಂಟಾಕ್ಸಿನ ಲೆನ್ಸ್ ಜೋಡಣೆ) ಲೆನ್ಸ್‌ಗಳು ನೇರವಾಗಿ ಹೊಂದುತ್ತವೆ; ರಿಂಗ್ ಇಲ್ಲದ ಹೊಸ ಲೆನ್ಸ್‌ಗಳಲ್ಲಿ ಅಪರ್ಚರ್ ಬದಲಿಸಲು ದಾರಿಯೇ ಇಲ್ಲವಾದ್ದರಿಂದ ಅವನ್ನು ಬಿಟ್ಟುಬಿಡಿ.

ತಿರುಪಿನ ಎಂ42 ಲೆನ್ಸ್‌ಗಳೂ ಅಡಾಪ್ಟರ್ ಮೂಲಕ ಕೂರುತ್ತವೆ. ಮೌಂಟಿನ ಮುಖದಿಂದ ಫಿಲ್ಮಿನವರೆಗಿನ ಅಂತರ ಕೆ ಮೌಂಟ್, ಎಂ42 ಎರಡರಲ್ಲೂ 45.46 ಮಿ.ಮೀ. ಆಗಿರುವುದರಿಂದ, ಮೌಂಟಿನ ಒಳಗೇ ಕೂರುವ ಸರಿಯಾದ ಅಡಾಪ್ಟರ್ ಬಳಸಿದರೆ ಕೂರ್ಮಗಡದಂತಹ ದೂರದ ದ್ವೀಪವೂ ಸ್ಪಷ್ಟವಾಗಿ ಮೂಡುತ್ತದೆ. ಆದರೆ ಬೆಳಕು ಅಳೆಯುವಾಗ ಅಪರ್ಚರನ್ನು ಕೈಯಿಂದಲೇ ಕಿರಿದುಗೊಳಿಸಬೇಕಾಗುತ್ತದೆ ಮತ್ತು ವ್ಯೂಫೈಂಡರ್ ಮಬ್ಬಾಗುತ್ತದೆ. ಕ್ಯಾನನ್ ಎಫ್‌ಡಿ ಲೆನ್ಸ್‌ಗಳಿಗೆ ಬೇಕಾದ ಅಂತರ 42 ಮಿ.ಮೀ. ಮಾತ್ರವಾದ್ದರಿಂದ, ಗಾಜಿಲ್ಲದ ಅಡಾಪ್ಟರಿನಲ್ಲಿ ಅವು ದೂರದ ವಸ್ತುವಿಗೆ ಫೋಕಸ್ ಆಗುವುದಿಲ್ಲ.

ಮೊದಲಿಗೆ 50 ಮಿ.ಮೀ. ಲೆನ್ಸ್ ಒಂದೇ ಸಾಕೆಂಬುದು ನನ್ನ ಅಭಿಪ್ರಾಯ. ಕಡಲತೀರದ ಬಿಸಿಲಿಗೆ ಎಫ್/2 (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಹೆಚ್ಚು ಬೆಳಕು) ಧಾರಾಳವಾಯಿತು. ಶಿರಸಿಯ ಕಡೆಯ ಕಾಡಿನ ನೆರಳಿಗೆ ಎಫ್/1.4 ಅಥವಾ ಎಫ್/1.7 ಇದ್ದರೆ ಅನುಕೂಲ. ಯಕ್ಷಗಾನಕ್ಕೆಂದು 135 ಮಿ.ಮೀ. ಕೊಳ್ಳುವವರು, ಕೈಯಲ್ಲಿ ಹಿಡಿದು ತೆಗೆಯಲು ಸುಮಾರು 1/125 ಸೆಕೆಂಡಿನ ಶಟರ್ ವೇಗ ಬೇಕೆಂಬುದನ್ನು ಗಮನದಲ್ಲಿಡಬೇಕು.

ಕರಾವಳಿಯಲ್ಲಿ ಹಳೆಯ ಲೆನ್ಸ್‌ನ ನಿಜವಾದ ಶತ್ರು ಬೂಷ್ಟು. ಕೊಳ್ಳುವ ಮೊದಲು ಅಪರ್ಚರನ್ನು ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಬಿಟ್ಟು ಜೇಡರಬಲೆಯಂತಹ ಎಳೆಗಳಿವೆಯೇ ಎಂದು ನೋಡಿ. ಅಪರ್ಚರಿನ ಅಲಗುಗಳ ಮೇಲೆ ಎಣ್ಣೆಯಿದ್ದರೂ ಬೇಡ. ಮಳೆಗಾಲದಲ್ಲಿ ತೇವ ಹಿಡಿಯುವ ಚರ್ಮದ ಚೀಲದ ಬದಲು, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗಿಟ್ಟು, ಜೆಲ್ಲನ್ನು ಆಗಾಗ ಬಿಸಿ ಮಾಡಿ ಒಣಗಿಸಿಕೊಳ್ಳಿ.